ಬಾಂದಾ, ನಸುಕಿನ ನಾಲ್ಕು ಹತ್ತು

ಭೋಸರಿಯ ನಮ್ಮ ಪಂಪು ಕಾರ್ಖಾನೆಯಲ್ಲಿ
ಊರೂರು ತಿರುಗುವವರು ಉಂಡದ್ದೆಲ್ಲ
ಕಡೆಗೆ ಬಂದು ಬೀಳುವುದು ನನ್ನ ಮೇಜಿಗೆ.
ಎಣ್ಣೆ ಹತ್ತಿದ ಚೀಟಿಗಳು.
ಕರಾಡದ ಥಾಲಿ, ಚಿಪಳೂಣದ ಬಂಗಡೆ,
ಮೀಠಾ ಪಾನು ಒಂದು. ಅದನ್ನು ಕೆಂಪು ಶಾಯಿಯಲ್ಲಿ ಹೊಡೆಯುತ್ತೇನೆ;
ಪಾನಿಲ್ಲದೆ ಊಟ ಮುಗಿಯುವುದೆಲ್ಲಿ ಎಂದು
ಮಳಗೇಕರ ಇನ್ನೂ ಜಗಳಾಡುತ್ತಾನೆ.

ಹನ್ನೊಂದು ವರ್ಷವಾಯಿತು.
ಬಾಯಲ್ಲಿ ಮರಾಠಿ, ಕಂಪ್ಯೂಟರಿನಲ್ಲಿ ಇಂಗ್ಲಿಷು,
ಕೂಡುವುದು ಮಾತ್ರ ಈಗಲೂ ಕನ್ನಡದಲ್ಲೇ: ಎಂಟೆಂಟಲೆ ಅರವತ್ನಾಲ್ಕು.
ಯಾರಿಗೆ ಅಸಿಡಿಟಿ, ಯಾರು ಮನೆಯಲ್ಲಿ ಹೇಳದೆ ಮೊಟ್ಟೆ ತಿನ್ನುತ್ತಾರೆ,
ಯಾರು ದಿನಭತ್ಯೆ ಉಳಿಸಲು ಬಾಳೆಹಣ್ಣಿನಲ್ಲೇ ದಿನ ತಳ್ಳುತ್ತಾರೆ,
ನನಗೆ ಗೊತ್ತು.
ಬಿಲ್ಲಿನ ಅಕ್ಷರ ಬಿಸಿಲಿಗೆ ಅಳಿಸುತ್ತದೆ.
ಅಳಿಯುವ ಮೊದಲು ಝೆರಾಕ್ಸ್ ಮಾಡಿಡುತ್ತೇನೆ.

ಜೂನ್‌ನಲ್ಲಿ ಆಡಿಟ್. ಲಿಮಯೆ ಸಾಹೇಬರು
ಕನ್ನಡಕ ಹಣೆಗೇರಿಸಿ ಒಂದು ವೋಚರ್ ಎತ್ತಿದರು.
'ಹುಲಕೋಟಿ ಮೇಡಂ, ಇದೇನು?
ನಸುಕಿನ ನಾಲ್ಕು ಹತ್ತಕ್ಕೆ, ಬಾಂದಾದ ಢಾಬಾದಲ್ಲಿ,
ನಾಲ್ಕು ರೊಟ್ಟಿ, ಕೀಮಾ, ಮೊಸರು, ಎರಡು ಬಾಟಲಿ ನೀರು.
ಮಧ್ಯಾಹ್ನದ ಕಾಲಂ ಖಾಲಿ.
ಸಂಜೆ ವೆರ್ಣಾದಲ್ಲಿ ಖರ್ಜೂರ, ಕಲ್ಲಂಗಡಿ.
ಇದು ನಾಷ್ಟಾವೋ, ಊಟವೋ, ಮೋಜೋ?'

ತೆರಿಗೆ ಕಾಯಿದೆ ಕೇಳುವುದು ಒಂದೇ ಮಾತು:
ಖರ್ಚು ಪೂರ್ತಿಯಾಗಿ, ಕೇವಲ ವ್ಯಾಪಾರಕ್ಕಾಗಿಯೇ ಆಯಿತೆ?
ಹೌದಾದರೆ ಲಾಭದಿಂದ ಕಳೆಯಬಹುದು.
ಇಲ್ಲವೆ, ಆ ರೊಟ್ಟಿಯ ಮೇಲೂ
ಮಾಲೀಕರು ತೆರಿಗೆ ಕಟ್ಟಬೇಕು.

ಈ 'ಕೇವಲ'ದ ಮುಂದೆ ನಾನು ಬಹಳ ಸಲ ನಿಂತಿದ್ದೇನೆ,
ಮುಚ್ಚಿದ ಕೌಂಟರಿನ ಮುಂದೆ ನಿಂತ ಹಾಗೆ.
ಬಾಯಿಗಿಟ್ಟ ತುತ್ತಿನಲ್ಲಿ
ಕಂಪನಿಯ ಪಾಲೆಷ್ಟು, ಮೈಯ ಪಾಲೆಷ್ಟು?
ಮೋಮಿನ್ ಮನೆಯಲ್ಲಿದ್ದರೂ ಉಣ್ಣುತ್ತಿದ್ದನಲ್ಲ.
ಸ್ಪ್ಯಾನರು, ಗ್ಯಾಸ್ಕೆಟ್ಟುಗಳ ಜೊತೆ
ಹಸಿವನ್ನೂ ನಾವೇ ಕಟ್ಟಿ ಕಳಿಸಿದ್ದೆವೆ?

'ರೋಜಾ, ಸಾಹೇಬರೆ,' ಎಂದೆ. 'ಮಾರ್ಚ್ ತಿಂಗಳು.'
ಅವರು ಸುಮ್ಮನಾದರು. ಆಮೇಲೆ ಮೆಲ್ಲಗೆ,
'ಸರಿ. ಆದರೆ ಉಪವಾಸ ಅವನದು, ಸ್ವಂತದ್ದು.
ಫೈಲಿನಲ್ಲಿ ಏನಂತ ಬರೆಯಲಿ?'

ಜಾಬ್ ಶೀಟು ತಂದಿಟ್ಟೆ.
ರಾತ್ರಿ ಬಸ್ಸು. ಏಳೂವರೆಗೆ ವೆರ್ಣಾ, ಗೇಟಿನಲ್ಲಿ ಸಹಿ.
ಔಷಧ ಕಾರ್ಖಾನೆಯ ನೆಲಮಾಳಿಗೆ, ಮೊಣಕಾಲುದ್ದ ನೀರು,
ಸೀಲಿನಲ್ಲಿ ಬಿರುಕು.
ಮೂರು ಇಪ್ಪತ್ತಕ್ಕೆ ಪಂಪು ಶುರು.
ಕೆಳಗೆ ಗಿರಾಕಿಯ ಷರಾ:
'ನಿಮ್ಮವರು ಚಹಾ ಕೂಡ ಕುಡಿಯಲಿಲ್ಲ.'

'ಆ ಖಾಲಿ ಕಾಲಂ ನೋಡಿ,' ಎಂದೆ.
'ಒಂದು ಮಧ್ಯಾಹ್ನದ ಊಟ ಕಂಪನಿಗೆ ಉಳಿದಿದೆ.
ಅದನ್ನು ಯಾವ ಖಾತೆಗೆ ಜಮಾ ಹಾಕಲಿ?'

ಲಿಮಯೆ ನಗಲಿಲ್ಲ.
ಹಸಿರು ಪೆನ್ನಿನಿಂದ ಟಿಕ್ಕು ಹಾಕಿದರು.
ಹಾಕುವಾಗ ಕೈ ತುಸು ನಿಧಾನವಾಯಿತು;
ಅಥವಾ ನನಗೆ ಹಾಗೆ ಕಂಡಿತು.
ಪುಟ ತಿರುವಿದರು. ಮುಂದಿನದು ಮಳಗೇಕರನ ಪಾನು.

ಅಷ್ಟರಲ್ಲಿ ಆಫೀಸಿನ ಹುಡುಗ ಮಿಸಳ ತಂದ,
ಎರಡು ಪ್ಲೇಟು, ಪಾವು ಜಾಸ್ತಿ, ಖಾರದ ರಸ ಬೇರೆ ಬಟ್ಟಲಲ್ಲಿ.
ಲಿಂಬೆ ಹಿಂಡುತ್ತ ಸಾಹೇಬರು ಕೇಳಿದರು,
'ಇದನ್ನು ಯಾವ ಲೆಕ್ಕಕ್ಕೆ ಬರೆಯುತ್ತೀರಿ?'
'ಬಿಲ್ಲು ಬರಲಿ.'

ಬಿಲ್ಲು ಬಂತು.
ಕಡೆಯ ಸಾಲಿನಲ್ಲಿ ಒಂದು ವಡಾಪಾವು, ನಾವು ತರಿಸದ್ದು.
ಹುಡುಗ ಬಾಗಿಲಾಚೆ, ನಮಗೆ ಬೆನ್ನು ಮಾಡಿ,
ಕಾಗದದಲ್ಲಿ ಮುಖವಿಟ್ಟು ತಿನ್ನುತ್ತಿದ್ದ.

ಕೆಂಪು ಪೆನ್ನು ಕೈಯಲ್ಲೇ ಇತ್ತು.
ಅದರ ಮುಚ್ಚಳ ಹುಡುಕುತ್ತ ಕೂತೆ.